ಗುಮ್ಮಟ ಇಲ್ಲದ ಗೋರಿ



ಈ ತಿಂಗಳ ಗೋಡೆ ಪತ್ರಿಕೆಗೆ ಇತಿಹಾಸದ ಲೇಖನ ಬರೆಯುವ ಪಾಳಿ ನನಗೆ ಬಂದಿದೆ. ನಮ್ಮ ಸಮಾಜ ವಿಜ್ಞಾನದ ಸರ್, "ಪುಸ್ತಕ ನೋಡಿ ಇಳಿಸಬ್ಯಾಡ. ಕಣ್ಣಿಲೆ ನೋಡಿದ್ದು, ಕೇಳಿ ತಿಳಕೊಂಡದ್ದು ಬರಿ" ಎಂದರು. ಅದಕ್ಕಾಗಿ ನಾನು ನಮ್ಮ ಬೀದರದ ಒಬ್ಬ ಹಳೆಯ ದಂಡನಾಯಕನ ಗೋರಿಯ ಬಗ್ಗೆ ಬರೆಯುತ್ತಿದ್ದೇನೆ. ಅವನ ಹೆಸರು ಮಹಮೂದ ಗವಾನ. ಹೆಸರು ನಿಮಗೆಲ್ಲ ಗೊತ್ತದ. ಮೈಲೂರಿನಿಂದ ಬೀದರ ಪ್ಯಾಟಿಗೆ ಹೋದಾಗ ಅವನ ಮದರಸಾ ನೋಡೇ ನೋಡಿರುತ್ತೀರಿ. ಆದರೆ ಅವನನ್ನು ಎಲ್ಲಿ ಮಣ್ಣು ಮಾಡ್ಯಾರ ಅಂತ ಕೇಳಿದರೆ ನಮ್ಮ ವರ್ಗದಾಗ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

1. ಅಷ್ಟೂರಿನಲ್ಲಿ ನಾನು ಕೇಳಿದ ಪ್ರಶ್ನೆ

ಹೋದ ವರ್ಷ ಶಾಲೆಯಿಂದ ಅಷ್ಟೂರ ಗುಮ್ಮಟ ನೋಡಲಾಕ ಹೋಗಿದ್ದೆವು. ಅಷ್ಟೂರ ಬೀದರದಿಂದ ಸುಮಾರು 3 ಕಿ.ಮೀ. ದೂರ ಅದ. ಅಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಮೊದಲನೆಯದು ಅಹಮದ ಶಾಹ ವಲಿಯದು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದವನು ಅವನೇ. ಅವನು 1436ರಲ್ಲಿ ತೀರಿಕೊಂಡನು. ಅವನ ಗುಮ್ಮಟದ ಒಳಗೆ ಗೋಡೆ ಮೇಲೆಲ್ಲ ಬಣ್ಣದ ಚಿತ್ತಾರ, ಬರಹ ಅವ. ಅವನ ಉರುಸಿಗೆ ಹಿಂದೂಗಳೂ ಮುಸಲ್ಮಾನರೂ ಕೂಡಿ ಬರುತ್ತಾರೆ. ಮುಂದೆ ಹೋದರೆ ಹುಮಾಯೂನ ಶಾಹನ ಗುಮ್ಮಟ. ಅದಕ್ಕೆ ಸಿಡಿಲು ಬಡಿದು ಅರ್ಧ ಗುಮ್ಮಟ ಬಿದ್ದು ಹೋಗ್ಯಾದ. ಕೊಯ್ದ ಕಲ್ಲಂಗಡಿ ಹಣ್ಣಿನಂಗ ಕಾಣುತ್ತದೆ.

ನಾನು ಎಲ್ಲ ಗುಮ್ಮಟ ಎಣಿಸಿ ಸರ್ ಹತ್ತಿರ ಹೋಗಿ, "ಸರ್, ಇದರಾಗ ಗವಾನನದು ಯಾವುದ್ರಿ?" ಎಂದು ಕೇಳಿದೆ.

ಸರ್ ನಕ್ಕರು. "ಅವಂದು ಇಲ್ಲಿ ಇಲ್ಲೋ ತಮ್ಮಾ. ಇಲ್ಲಿ ಇರೋರು ರಾಜರು, ರಾಜರ ಮನಿಯವರು. ಗವಾನ ಅವರ ಸಲುವಾಗಿ ದುಡಿದವ. ಅವನ ಗೋರಿ ಗೊರನಳ್ಳಿ ಹತ್ತಿರ ಅದ. ಒಮ್ಮೆ ನೋಡಿ ಬಾ. ನೋಡಿ ಬಂದು ಗುಮ್ಮಟ ಎಷ್ಟು ಎತ್ತರ ಅದ ನನಗ ಹೇಳು" ಎಂದರು.

2. ಗೊರನಳ್ಳಿಗೆ ಹೋದದ್ದು

ಒಂದು ಆದಿತ್ಯವಾರ ನಮ್ಮ ಕಾಕಾ ತಮ್ಮ ಗಾಡಿ ಮೇಲೆ ನನ್ನನ್ನು ಕರಕೊಂಡು ಹೋದರು. ದಾರಿಯಲ್ಲಿ ಒಬ್ಬ ಯಜಮಾನರು ಎಮ್ಮೆ ಹೊಡಕೊಂಡು ಹೊಂಟಿದ್ದರು. ಕಾಕಾ ಗಾಡಿ ನಿಲ್ಲಿಸಿ, "ಮಹಮೂದ ಗವಾನನ ಗೋರಿ ಎಲ್ಲದ್ರಿ?" ಎಂದರು.

"ಯಾವ ಗವಾನ? ಮದರಸಾ ಕಟ್ಟಿಸಿದವನಾ?"

"ಹೌದ್ರಿ, ಅವನೇ."

"ಹಂಗಾದರ ಮುಂದ ಹೋಗ್ರಿ, ಅಲ್ಲೇ ಅದ" ಎಂದು ಕೈ ಮಾಡಿ ತೋರಿಸಿದರು.

ಹೋಗಿ ನೋಡಿದರೆ ಗುಮ್ಮಟವೇ ಇಲ್ಲ! ಒಂದು ಕಟ್ಟೆ, ಕಟ್ಟೆ ಮೇಲೆ ಗೋರಿ, ಅದರ ಮೇಲೆ ಬರೀ ಆಕಾಶ. ನಾವು ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತೆವು. ಸರ್ ನನ್ನನ್ನು ಯಾಕ ಕಳಿಸಿದರು ಅಂತ ಆಗ ತಿಳಿಯಿತು. ಆದರೆ ಇಷ್ಟು ದೊಡ್ಡ ಮನುಷ್ಯನಿಗೆ ಒಂದು ಗುಮ್ಮಟ ಯಾಕಿಲ್ಲ ಅನ್ನುವುದು ತಿಳಿಯಲಿಲ್ಲ. ಮರುದಿನ ಅದನ್ನೇ ಸರ್‌ಗೆ ಕೇಳಿದೆ. ಅವರು ಹೇಳಿದ್ದನ್ನೂ ನಾನು ಶಾಲೆಯ ಪುಸ್ತಕಗಳಲ್ಲಿ ಓದಿದ್ದನ್ನೂ ಕೂಡಿಸಿ ಕೆಳಗೆ ಬರೆದಿದ್ದೇನೆ.

3. ಗವಾನ ಯಾರು?

ಮಹಮೂದ ಗವಾನ ನಮ್ಮ ದೇಶದವನಲ್ಲ. ಇರಾನ ದೇಶದ ಗೀಲಾನ ಎಂಬ ಸೀಮೆಯಲ್ಲಿ ಗವಾನ ಎಂಬ ಊರದ. ಅವನು 1411ರ ಸುಮಾರಿಗೆ ಅಲ್ಲಿ ಹುಟ್ಟಿದನು. ಊರ ಹೆಸರೇ ಅವನ ಹೆಸರಿಗೆ ಅಂಟಿಕೊಂಡಿತು, ನಮ್ಮಲ್ಲಿ ಅಡ್ಡಹೆಸರು ಇರುವ ಹಾಗೆ. ಅವನು ವ್ಯಾಪಾರಿ. 1453ರ ಸುಮಾರಿಗೆ ಹಡಗಿನಲ್ಲಿ ಕೊಂಕಣದ ದಾಭೋಳ ಬಂದರಕ್ಕೆ ಬಂದು ಇಳಿದು, ಅಲ್ಲಿಂದ ಬೀದರಕ್ಕೆ ಬಂದನು. ಆಗ ಅವನಿಗೆ 40 ದಾಟಿತ್ತು. ವ್ಯಾಪಾರ ಮಾಡಲಾಕ ಬಂದವನು ತಿರುಗಿ ಹೋಗಲೇ ಇಲ್ಲ. ಸುಲ್ತಾನರ ಚಾಕರಿಗೆ ಸೇರಿ ಮೊದಲು ಸರದಾರ, ಆಮೇಲೆ ಮಂತ್ರಿ, 1466ರಲ್ಲಿ ಪ್ರಧಾನ ಮಂತ್ರಿ ಆದನು. ಅವನಿಗೆ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದಿತ್ತು. ಅಂದರೆ ವ್ಯಾಪಾರಸ್ಥರ ಒಡೆಯ.

4. ಅವನು ಮಾಡಿದ ಯುದ್ಧಗಳು

(ಅ) ಬೀದರ ಉಳಿಸಿದ್ದು, 1462: ಹುಮಾಯೂನ ಶಾಹ 1461ರಲ್ಲಿ ತೀರಿಕೊಂಡಾಗ ಅವನ ಮಗ ನಿಜಾಮ ಶಾಹನಿಗೆ 8 ವರ್ಷ. ನಮ್ಮ ಶಾಲೆಯ ಮೂರನೇ ವರ್ಗದ ಹುಡುಗನಷ್ಟು. ರಾಜಮಾತೆ ಮತ್ತು ಇಬ್ಬರು ಮಂತ್ರಿಗಳು ಕೂಡಿ ರಾಜ್ಯ ನೋಡಿಕೊಂಡರು. ಆ ಇಬ್ಬರಲ್ಲಿ ಗವಾನ ಒಬ್ಬ. ರಾಜ ಸಣ್ಣವ ಅಂತ ತಿಳಿದು ಮಾಳವದ ಸುಲ್ತಾನ ಮಹಮೂದ ಖಿಲ್ಜಿ ದಂಡೆತ್ತಿ ಬಂದು ಬೀದರ ಪಟ್ಟಣವನ್ನೇ ಮುತ್ತಿದನು. ಆಗ ಗವಾನನು ಗುಜರಾತಿನ ಸುಲ್ತಾನನಿಗೆ ಸಹಾಯ ಕೇಳಿ, ಅವನ ಕುದುರೆ ದಂಡು ಕರಕೊಂಡು ಬಂದನು. ಮಾಳವದವರು ಮುತ್ತಿಗೆ ಬಿಟ್ಟು ಹೋದರು.

(ಆ) ಕೊಂಕಣದ ಯುದ್ಧ, 1469 ರಿಂದ 1472: ಕೊಂಕಣದ ಘಟ್ಟದಲ್ಲಿ ಖೇಳ್ನಾ ಎಂಬ ಕೋಟೆ ಇತ್ತು. ಈಗ ಅದಕ್ಕೆ ವಿಶಾಳಗಡ ಅನ್ನುತ್ತಾರೆ. ಇವನಿಗಿಂತ ಮೊದಲು ಆ ಕಡೆ ಹೋದ ಬಹಮನಿ ದಂಡು ಕಾಡಿನಲ್ಲಿ ಸಿಕ್ಕು ನಾಶ ಆಗಿತ್ತು. ಗವಾನ ಅವಸರ ಮಾಡಲಿಲ್ಲ. ಮೊದಲು ಕಾಡು ಕಡಿಸಿ ದಾರಿ ಮಾಡಿಸಿದನು. ಮಳೆಗಾಲ ಬಂದಾಗ ಕೊಲ್ಹಾಪುರದ ಕಡೆ ಹಿಂದೆ ಸರಿದು ಕುಳಿತನು. ಮಳೆ ನಿಂತ ಮೇಲೆ ಮತ್ತೆ ಹೋದನು. 1472ರಲ್ಲಿ ಗೋವೆ ಗೆದ್ದನು. ಆಗ ಗೋವೆ ವಿಜಯನಗರದ ಕೈಯಲ್ಲಿತ್ತು.

(ಇ) ಬೆಳಗಾವಿ, 1472-73: ಇಲ್ಲಿ ಕೋಟೆಯ ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ ಹಾರಿಸಿದರು. ದಖ್ಖನದಲ್ಲಿ ಹೀಗೆ ಮದ್ದು ಬಳಸಿದ್ದು ಆಗಿನ ಕಾಲಕ್ಕೆ ಹೊಸದು.

ಗೆಳೆಯರೇ, ಇದನ್ನು ಓದುವಾಗ ಇನ್ನೊಂದು ಮಾತು ನೆನಪಿಡಬೇಕು. ಗೆದ್ದವರಿಗೆ ಯುದ್ಧ ಜಯ. ಗೋಡೆ ಒಳಗಿದ್ದ ಜನರಿಗೆ ಅದು ದುಃಖ. ಅಫಾನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಗವಾನನ ಕಾಲದಲ್ಲಿಯೇ ಕುದುರೆ ಮಾರಲಾಕ ಬೀದರಕ್ಕೆ ಬಂದಿದ್ದನು. ಸರದಾರರು ಬಹಳ ಶ್ರೀಮಂತರು, ಹಳ್ಳಿಯ ಜನ ಬಹಳ ಬಡವರು ಎಂದು ಅವನು ಬರೆದಿಟ್ಟಿದ್ದಾನೆ. ನಮ್ಮಂಥ ಹಳ್ಳಿಯವರಿಂದಲೇ ಆ ದಂಡಿಗೆ ಜೋಳ, ಎತ್ತು, ಆಳು ಹೋಗಿರಬೇಕು ಅಂತ ನನಗನಿಸುತ್ತದೆ.

5. ಗೆದ್ದು ಬಂದ ಮೇಲೆ

ಗೋವೆ ಗೆದ್ದು ಬಂದಾಗ ಬೀದರದಲ್ಲಿ ದೊಡ್ಡ ಮೆರವಣಿಗೆ ಆಯಿತು. ಸುಲ್ತಾನ 3ನೇ ಮುಹಮ್ಮದ ಶಾಹ ಸ್ವತಃ ಗವಾನನ ಮನೆಗೆ ಬಂದು ಒಂದು ವಾರ ಉಳಿದನು. ಆಮೇಲೆ ನಡೆದದ್ದನ್ನು ಫೆರಿಷ್ತಾ ಎಂಬ ಇತಿಹಾಸಕಾರ ಬರೆದಿದ್ದಾನೆ. ಫೆರಿಷ್ತಾ ಗವಾನ ಸತ್ತು ನೂರು ವರ್ಷದ ಮೇಲೆ ವಿಜಾಪುರದ ದರಬಾರದಲ್ಲಿ ಇದ್ದವನು. ಅವನು ಹೇಳುವ ಪ್ರಕಾರ, ಸುಲ್ತಾನ ಹೋದ ಮೇಲೆ ಗವಾನ ಕೋಣೆಯೊಳಗೆ ಹೋಗಿ ಜರಿ ಬಟ್ಟೆ ತೆಗೆದಿಟ್ಟು ಅತ್ತನು. ತನ್ನಲ್ಲಿದ್ದ ಸಂಪತ್ತನ್ನು ಪಂಡಿತರಿಗೂ ಬಡವರಿಗೂ ಹಂಚಿಬಿಟ್ಟನು. ಆನೆ, ಕುದುರೆ, ಪುಸ್ತಕ ಮಾತ್ರ ಇಟ್ಟುಕೊಂಡನು. ಆನೆ ಕುದುರೆ ಸುಲ್ತಾನನವು, ಪುಸ್ತಕ ಓದುವ ಹುಡುಗರವು, ತನ್ನದು ಏನೂ ಇಲ್ಲ ಅಂದನಂತೆ.

ಅದೇ 1472ರಲ್ಲಿ ಮದರಸಾ ಕಟ್ಟಿಸಿದನು. ಮದರಸಾ ಅಂದರೆ ಶಾಲೆ. ಮೂರು ಅಂತಸ್ತು. ಮುಂದೆ ಎರಡು ಮಿನಾರ. ಗೋಡೆಗೆ ನೀಲಿ, ಹಸಿರು, ಹಳದಿ ಬಣ್ಣದ ಹೊಳೆಯುವ ಹಂಚು. ಒಳಗೆ ಮಸೀದಿ, ಪಾಠದ ಕೋಣೆಗಳು, ಮಾಸ್ತರರಿಗೂ ಹುಡುಗರಿಗೂ ಇರಲಾಕ ಕೋಣೆಗಳು. ಗ್ರಂಥಾಲಯದಲ್ಲಿ ಕೈಯಿಂದ ಬರೆದ 3000 ಪುಸ್ತಕಗಳಿದ್ದವಂತೆ. ನಮ್ಮ ಗೋಡೆ ಪತ್ರಿಕೆ ಒಂದು ಬರೆಯಲಾಕ ನಮಗೆ ಎರಡು ದಿನ ಹಿಡಿಯುತ್ತದೆ. ಹಾಗಾದರೆ 3000 ಪುಸ್ತಕ ಬರೆಯಲಾಕ ಎಷ್ಟು ಕೈ ದುಡಿದಿರಬೇಕು ಲೆಕ್ಕ ಹಾಕಿರಿ. 17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಮದರಸಾದ ಮುಂಭಾಗ ಹಾಳಾಯಿತು. ಒಂದು ಮಿನಾರ ಬಿದ್ದು ಹೋಯಿತು. ಇನ್ನೊಂದು ಈಗಲೂ ನಿಂತಿದೆ.

6. ಸುಳ್ಳು ಕಾಗದ

ಗವಾನ ರಾಜ್ಯದ ಆಡಳಿತವನ್ನೂ ಸುಧಾರಿಸಿದನು. ಮೊದಲು ರಾಜ್ಯದಲ್ಲಿ 4 ತರಫಗಳಿದ್ದವು. ತರಫ ಅಂದರೆ ಪ್ರಾಂತ್ಯ. ಅವನ್ನು 8 ಮಾಡಿದನು. ಒಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆ ಬಿಟ್ಟು ಉಳಿದ ಕೋಟೆಗಳಿಗೆ ಸುಲ್ತಾನನ ಕಡೆಯವರನ್ನು ಇಟ್ಟನು. ಹೊಲ ಅಳೆಸಿದನು. ಸೈನಿಕರು ಇಷ್ಟು ಮಂದಿ ಅಂತ ಹೇಳಿ ಕಡಿಮೆ ಇಟ್ಟುಕೊಂಡರೆ ಆ ರೊಕ್ಕ ಮುರಿದುಕೊಂಡನು. ಇದರಿಂದ ಸರದಾರರಿಗೆ ಸಿಟ್ಟು ಬಂತು. ಅದರ ಮೇಲೆ ದರಬಾರದಲ್ಲಿ ಎರಡು ಗುಂಪು ಬೇರೆ. ಇಲ್ಲಿಯೇ ಇದ್ದವರು ದಖ್ಖನಿಗಳು, ಹೊರದೇಶದಿಂದ ಬಂದವರು ಅಫಾಕಿಗಳು. ಗವಾನ ಎರಡೂ ಕಡೆಯವರಿಗೆ ಸರಿಯಾಗಿ ಹುದ್ದೆ ಹಂಚಿದರೂ ದ್ವೇಷ ಹೋಗಲಿಲ್ಲ.

1481ರಲ್ಲಿ ಸುಲ್ತಾನನ ದಂಡು ಪೂರ್ವದ ಕಡೆ ಹೋಗಿತ್ತು. ಎಪ್ಪತ್ತು ವರ್ಷದ ಗವಾನನೂ ದಂಡಿನ ಜೊತೆಗಿದ್ದನು. ವೈರಿಗಳು ಅವನ ಆಳಿಗೆ ಆಸೆ ತೋರಿಸಿ, ಖಾಲಿ ಕಾಗದದ ಮೇಲೆ ಗವಾನನ ಮುದ್ರೆ ಒತ್ತಿಸಿಕೊಂಡರು. ಆ ಕಾಗದದ ಮೇಲೆ, ನೀನು ದಂಡೆತ್ತಿ ಬಾ, ನಾನು ಸಹಾಯ ಮಾಡುತ್ತೇನೆ ಎಂದು ಒರಿಸ್ಸಾದ ರಾಜನಿಗೆ ಗವಾನನೇ ಬರೆದ ಹಾಗೆ ಬರೆದರು. ಅದನ್ನು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ಕುಡಿದ ಅಮಲಿನಲ್ಲಿದ್ದನು. ಗವಾನನನ್ನು ಕರೆಸಿದನು. ಹೋಗಬ್ಯಾಡ, ಗುಜರಾತಿಗೆ ಓಡಿ ಹೋಗು ಎಂದು ಗೆಳೆಯರು ಹೇಳಿದರೂ ಅವನು ಕೇಳಲಿಲ್ಲ. ಹೋದನು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದು ಹೇಳಿದನು. ಸುಲ್ತಾನ ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯಲ್ಲಿ ಗವಾನನ ತಲೆ ಹೊಡೆಸಿದನು. ಕೊಂಡಪಲ್ಲಿ ಈಗಿನ ಆಂಧ್ರದಲ್ಲಿ ವಿಜಯವಾಡದ ಹತ್ತಿರ ಅದ. ಅಷ್ಟು ದೂರದಿಂದ ಅವನ ಶವ ಬೀದರಕ್ಕೆ ತಂದು ಮಣ್ಣು ಮಾಡಿದರು.

ಆಮೇಲೆ ಸುಲ್ತಾನನಿಗೆ ಸತ್ಯ ತಿಳಿಯಿತು. ಪಶ್ಚಾತ್ತಾಪಪಟ್ಟನು. ಒಂದು ವರ್ಷದೊಳಗೆ, 1482ರಲ್ಲಿ, ಅವನೂ ತೀರಿಕೊಂಡನು. ಅವನನ್ನು ಅಷ್ಟೂರಿನಲ್ಲಿ ಮಣ್ಣು ಮಾಡಿದರು. ಮುಂದೆ ಬಹಮನಿ ರಾಜ್ಯ ಒಡೆದು ವಿಜಾಪುರ, ಅಹಮದನಗರ, ಬೇರಾರ, ಗೋಲ್ಕೊಂಡ, ಬೀದರ ಎಂದು ಐದು ಪಾಲಾಯಿತು.

ನನ್ನ ಪ್ರಶ್ನೆಗೆ ಉತ್ತರ ಇದರಾಗೇ ಅದ ಅಂತ ನನಗ ಅನಿಸಿತು. ಗುಮ್ಮಟ ಕಟ್ಟುವವರು ಮನೆಯವರು, ಇಲ್ಲವೇ ರಾಜರು. ರಾಜದ್ರೋಹಿ ಅಂತ ಕೊಲ್ಲಿಸಿದವನಿಗೆ ಯಾರು ಗುಮ್ಮಟ ಕಟ್ಟುತ್ತಾರೆ?

7. ಇನ್ನೊಂದು ಬಗೆಯ ಗುರುತು: ವೀರಗಲ್ಲು

ಗವಾನ ಪ್ರಧಾನ ಮಂತ್ರಿ. ಹಾಗಾದರೆ ಸಾಧಾರಣ ಸಿಪಾಯಿಗಳನ್ನು ನೆನೆಸುವುದು ಹ್ಯಾಂಗ? ಇದಕ್ಕೆ ನಮ್ಮ ಕನ್ನಡ ನಾಡಿನಲ್ಲಿ ವೀರಗಲ್ಲು ಎಂಬ ಪದ್ಧತಿ ಇತ್ತು. ಊರು ಕಾಯುವಾಗ, ದನ ಬಿಡಿಸಿಕೊಂಡು ಬರುವಾಗ ಸತ್ತವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಹೆಚ್ಚಾಗಿ ಅದರಲ್ಲಿ ಮೂರು ಪಟ್ಟಿ ಇರುತ್ತವೆ. ಕೆಳಗಿನಿಂದ ಮೇಲೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ವೀರನನ್ನು ಅಪ್ಸರೆಯರು ಕರಕೊಂಡು ಹೋಗುವುದು. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕುಳಿತಿರುವುದು. ತುದಿಯಲ್ಲಿ ಸೂರ್ಯ ಚಂದ್ರ. ಸೂರ್ಯ ಚಂದ್ರ ಇರುವ ತನಕ ಇವನ ಹೆಸರಿರಲಿ ಅಂತ ಅದರ ಅರ್ಥ.

ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯ ಎಂಬವನ ಕಲ್ಲದ. ಅದು ಕ್ರಿ.ಶ. 750ರ ಸುಮಾರಿನದು, ಗಂಗ ರಾಜ ಶ್ರೀಪುರುಷನ ಕಾಲದ್ದು. ಕಿತ್ತಯ್ಯ ರಾಜನೂ ಅಲ್ಲ, ಮಂತ್ರಿಯೂ ಅಲ್ಲ. ಮೇಲೆ ಬಿದ್ದ ದಂಡನ್ನು ಎದುರಿಸಿ ಸತ್ತವನು. ಹೆಸರು ಕಲ್ಲಿನಲ್ಲಿ ಬರೆದದ್ದರಿಂದ ಸಾವಿರದ ಇನ್ನೂರು ವರ್ಷದ ಮೇಲೂ ನಮಗೆ ಗೊತ್ತಾಯಿತು. ಈಚೆಗೆ ಅಲ್ಲಿನ ಜನ ಕೂಡಿ ಆ ಕಲ್ಲಿಗೆ ಒಂದು ಮಂಟಪ ಕಟ್ಟಿಸಿದ್ದಾರೆ.

8. ನಮ್ಮ ಮುತ್ಯಾನ ಕಲ್ಲು

ಇಲ್ಲಿಯ ತನಕ ಬರೆದು ಸರ್‌ಗೆ ತೋರಿಸಿದಾಗ, "ಇಷ್ಟೆಲ್ಲ ಓದಿ ನೀ ಏನ್ ಮಾಡಿದಿ? ಅದೂ ಬರಿ" ಎಂದರು. ಬರೆಯಲಾಕ ನಾಚಿಕೆ ಬರುತ್ತದೆ, ಆದರೂ ಬರೆಯುತ್ತೇನೆ.

ನಮ್ಮ ಮುತ್ಯಾ ಮಿಲ್ಟ್ರಿಯಲ್ಲಿ ಇದ್ದರು. 1971ರ ಡಿಸೆಂಬರದಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಆದಾಗ ಟ್ರಕ್ ಹೊಡೆಯುತ್ತಿದ್ದರು. ನಾನು ಸಣ್ಣವನಿದ್ದಾಗ "ಮುತ್ಯಾ, ನೀ ಎಷ್ಟು ಮಂದಿಗೆ ಗುಂಡು ಹೊಡದಿ?" ಎಂದು ಕೇಳಿದರೆ, "ನಾ ಗುಂಡು ಹೊಡದಿಲ್ಲೋ ಯಪ್ಪಾ, ಟ್ರಕ್ ಹೊಡದೀನಿ. ಹೋಗುವಾಗ ರೇಶನ್, ಬರುವಾಗ ಗಾಯ ಆದವರು" ಅನ್ನುತ್ತಿದ್ದರು. ಹೆಚ್ಚು ಮಾತಾಡುತ್ತಿರಲಿಲ್ಲ. 2021ರಲ್ಲಿ ತೀರಿಕೊಂಡರು. ಆಗ ಕೊರೋನಾ ಇತ್ತು. ಹತ್ತು ಮಂದಿ ಕೂಡಿ ರುದ್ರಭೂಮಿಗೆ ಒಯ್ದು ಮಣ್ಣು ಮಾಡಿ ಬಂದರು. ಕಲ್ಲು ಆಮೇಲೆ ಇಟ್ಟರಾಯಿತು ಅಂದರು. ಆಮೇಲೆ ಯಾರಿಗೂ ಆಗಲಿಲ್ಲ. ಎರಡು ಮಳೆಗಾಲ ಹೋದ ಮೇಲೆ ಮಣ್ಣಿನ ಗುಡ್ಡೆ ಸವೆದು ಹುಲ್ಲು ಬೆಳೆಯಿತು. ಹೋದ ಯುಗಾದಿಯ ಮುಂದೆ ಆಯಿ ಊದುಬತ್ತಿ ಹಿಡಕೊಂಡು ಹೋದಾಗ ಎರಡು ಗುಡ್ಡೆಯಲ್ಲಿ ಮುತ್ಯಾನದು ಯಾವುದು ಅಂತ ಗುರುತು ಸಿಗಲಿಲ್ಲ. ಎರಡಕ್ಕೂ ಊದುಬತ್ತಿ ಹಚ್ಚಿ ಬಂದಳು. ಮನೆಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ.

ಗೊರನಳ್ಳಿಯಿಂದ ಬಂದ ರಾತ್ರಿ ನನಗೆ ಇದೇ ನೆನಪಾಯಿತು. ಗವಾನನಿಗೆ ಗುಮ್ಮಟ ಇಲ್ಲದಿದ್ದರೂ ಎಮ್ಮೆ ಕಾಯುವವರೂ ಕೈ ಮಾಡಿ ತೋರಿಸುತ್ತಾರೆ. ನಮ್ಮ ಮುತ್ಯಾನದು ನಮಗೇ ಗೊತ್ತಿಲ್ಲ.

ಮರುದಿನ ಕಾಕಾಗೆ ಹೇಳಿದೆ. ಮಣ್ಣು ಕೊಟ್ಟವರಲ್ಲಿ ಇಬ್ಬರನ್ನು ಕರಕೊಂಡು ಹೋಗಿ ಜಾಗ ನೋಡಿದೆವು. ಬೇಲಿಯಿಂದ ಹೆಜ್ಜೆ ಎಣಿಸಿ, "ಇದೇ" ಎಂದು ಇಬ್ಬರೂ ಬೇರೆ ಬೇರೆಯಾಗಿ ಒಂದೇ ಜಾಗ ತೋರಿಸಿದರು. ಮನೆ ಕಟ್ಟಿದಾಗ ಉಳಿದ ಒಂದು ಶಾಬಾದ ಫರಸಿ ಹಿತ್ತಲಲ್ಲಿ ಇತ್ತು. ಅದನ್ನು ತೊಳೆದು ಒಣಗಿಸಿದೆವು.

ಆಯಿ ಟ್ರಂಕಿನಿಂದ ಮುತ್ಯಾನ ಪದಕ ತೆಗೆದು ಕೊಟ್ಟಳು. ಗೆಳೆಯರೇ, ನಿಮ್ಮ ಮನೆಯಲ್ಲಿ ಇಂಥ ಪದಕ ಇದ್ದರೆ ಅದರ ಅಂಚು ನೋಡಿರಿ. ಅಂಚಿನ ಮೇಲೆ ಸಿಪಾಯಿಯ ನಂಬರು, ಹೆಸರು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕೊರೆದಿರುತ್ತಾರೆ. ನಾನು ಅದನ್ನು ಬಿಸಿಲಿಗೆ ಹಿಡಿದು ಒಂದೊಂದೇ ಅಕ್ಷರ ಓದಿದೆ. ಆಯಿಗೆ ಓದಲಾಕ ಬರಂಗಿಲ್ಲ. ಇಷ್ಟು ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರೂ ಅದರ ಮೇಲೆ ಮುತ್ಯಾನ ಹೆಸರದ ಅಂತ ಆಕಿಗೆ ಗೊತ್ತೇ ಇರಲಿಲ್ಲ. "ಇನ್ನೊಮ್ಮೆ ಓದು" ಎಂದಳು. ಮೂರು ಸಲ ಓದಿಸಿದಳು.

"ಕಲ್ಲಿನ ಮೇಲೆ ಏನೇನು ಬರೀಲಿ ಆಯಿ? ವೀರ ಯೋಧ ಅಂತ ಬರೀಲಿ?" ಎಂದೆ.

"ಹೆಸರು ಬರಿ. ಊರು ಬರಿ. ಮಿಲ್ಟ್ರ್ಯಾಗ ಟ್ರಕ್ ಹೊಡೀತಿದ್ದ ಅಂತ ಬರಿ. ಅವ ಇದ್ದದ್ದು ಇದ್ದಂಗ ಹೇಳಾವ, ನೀ ಸುಳ್ಳು ಏನೂ ಸೇರಿಸಬ್ಯಾಡ" ಎಂದಳು.

ನಾನು ಸೀಸಕಡ್ಡಿಯಿಂದ ಬರೆದೆ. ಅದರ ಮೇಲೆ ಕಲ್ಲು ಕೆಲಸದವರು ಉಳಿಯಿಂದ ಕೊರೆದರು. ಒಂದು ಒತ್ತಕ್ಷರ ನಾನು ತಪ್ಪು ಬರೆದಿದ್ದೆ, ಕೊರೆಯುವ ಮೊದಲು ಸರ್ ನೋಡಿ ತಿದ್ದಿದರು. ಶ್ರಾವಣ ಸೋಮವಾರ ಕಲ್ಲು ನಿಲ್ಲಿಸಿದೆವು. ಆಯಿ ಈ ಸಲ ಒಂದೇ ಕಡೆ ಊದುಬತ್ತಿ ಹಚ್ಚಿದಳು. ಆಮೇಲೆ ಸ್ವಲ್ಪ ನಿಂತು, ಬಾಜೂಕಿನ ಗುಡ್ಡೆಗೂ ಒಂದು ಹಚ್ಚಿದಳು. "ಇಷ್ಟು ದಿನ ಹಚ್ಚೀನಿ, ಈಗ ಹ್ಯಾಂಗ ಬಿಡಲಿ" ಎಂದಳು.

9. ನಾವು ಕಲಿಯಬೇಕಾದದ್ದು

ಸುಳ್ಳು ಬರಹ ಒಬ್ಬ ದೊಡ್ಡ ದಂಡನಾಯಕನ ಜೀವ ತೆಗೆಯಿತು. ಖರೆ ಬರಹ ಕಿತ್ತಯ್ಯನ ಹೆಸರು ಉಳಿಸಿತು. ಆದ್ದರಿಂದ ಬರೆಯಲಾಕ ಬರುವ ನಾವು ಮೂರು ಕೆಲಸ ಮಾಡಬೇಕು.

ಒಂದು, ಹಳೆಯ ಗೋರಿ, ಗುಮ್ಮಟ, ವೀರಗಲ್ಲುಗಳ ಮೇಲೆ ನಮ್ಮ ಹೆಸರು ಕೆತ್ತಬಾರದು. ಅಷ್ಟೂರಿನಲ್ಲಿ ನಾನೂ ಇದ್ದಲಿಯಿಂದ ಹೆಸರು ಬರೆಯಲಾಕ ಹೋಗಿದ್ದೆ, ಸರ್ ಬೈದರು. ಅದು ಸತ್ತವರ ಜಾಗ, ನಮ್ಮ ಪಾಟಿ ಅಲ್ಲ.

ಎರಡು, ನಮ್ಮ ಊರ ಹೊಲದಲ್ಲಿ, ಗುಡಿ ಹಿಂದೆ ಕೆತ್ತನೆಯ ಕಲ್ಲು ಬಿದ್ದಿದ್ದರೆ ಅದರ ಮೇಲೆ ಬಟ್ಟೆ ಒಗೆಯಬಾರದು. ಗುರುಗಳಿಗೆ ತೋರಿಸಬೇಕು.

ಮೂರು, ನಮ್ಮ ಓಣಿಯಲ್ಲಿ ಮಿಲ್ಟ್ರಿಯಿಂದ ಬಂದ ಹಿರಿಯರು ಇದ್ದರೆ ಅವರು ಇರುವಾಗಲೇ ಕೇಳಿ ಬರೆದಿಡಬೇಕು. ನಾನು ಮುತ್ಯಾನಿಗೆ ಕೇಳಬೇಕಾದದ್ದು ಬಹಳ ಉಳಿದು ಹೋಯಿತು.

ಕಠಿಣ ಪದಗಳ ಅರ್ಥ
ತರಫ: ಪ್ರಾಂತ್ಯ
ತರಫದಾರ: ಪ್ರಾಂತ್ಯದ ಅಧಿಕಾರಿ
ಮದ್ದು: ಸಿಡಿಮದ್ದು
ಮುತ್ತಿಗೆ: ಕೋಟೆಯನ್ನು ಸುತ್ತುಗಟ್ಟುವುದು
ಪದಕ: ಸರ್ಕಾರ ಕೊಡುವ ಗೌರವದ ಬಿಲ್ಲೆ

ಪ್ರಶ್ನೆಗಳು (ಉತ್ತರ ಬರೆದು ಶನಿವಾರದೊಳಗೆ ವರ್ಗದ ಪೆಟ್ಟಿಗೆಯಲ್ಲಿ ಹಾಕಿರಿ)
1. ಮಹಮೂದ ಗವಾನ ಯಾವ ದೇಶದಿಂದ ಬಂದನು?
2. 1462ರಲ್ಲಿ ಬೀದರವನ್ನು ಮುತ್ತಿದವರು ಯಾರು? ಸಹಾಯಕ್ಕೆ ಯಾರ ದಂಡು ಬಂತು?
3. ಗವಾನ ತರಫಗಳನ್ನು 4 ರಿಂದ 8 ಮಾಡಿದ್ದರಿಂದ ಸರದಾರರಿಗೆ ಸಿಟ್ಟು ಬಂದದ್ದು ಯಾಕೆ?
4. ವೀರಗಲ್ಲಿನ ಮೂರು ಪಟ್ಟಿಗಳಲ್ಲಿ ಏನೇನು ಇರುತ್ತದೆ? ಚಿತ್ರ ತೆಗೆಯಿರಿ.
5. ನಿಮ್ಮ ಮನೆಯ ಒಬ್ಬ ಹಿರಿಯರ ಹೆಸರು, ಊರು, ಅವರು ಮಾಡುತ್ತಿದ್ದ ಕೆಲಸ ಮೂರು ಸಾಲಿನಲ್ಲಿ ಬರೆಯಿರಿ. ಸುಳ್ಳು ಸೇರಿಸಬೇಡಿರಿ.

ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಬೇಡಿಕೊಳ್ಳುತ್ತೇನೆ.

7ನೇ ತರಗತಿಯ ವಿದ್ಯಾರ್ಥಿ, ಮೈಲೂರ